ಕತ್ತಿನ ಹಿಂದಿನ ಚೀಟಿ

ನಮ್ಮೂರಿನಲ್ಲಿ ಇಬ್ಬರು ಹೆಂಗಸರು ಎದುರಾದರೆ ಮುಖ ನೋಡಿಕೊಳ್ಳುತ್ತಿರಲಿಲ್ಲ. ಒಬ್ಬಳು ಬೆನ್ನು ತಿರುಗಿಸಿ ಕತ್ತು ಬಗ್ಗಿಸುತ್ತಿದ್ದಳು. ಇನ್ನೊಬ್ಬಳು ಅವಳ ಜಡೆ ಸರಿಸಿ, ರವಿಕೆಯ ಅಂಚು ಮಡಿಚಿ, ಅಲ್ಲಿ ಹೊಲಿದಿದ್ದ ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಆಮೇಲೆ ಇವಳು ಬಗ್ಗಬೇಕು, ಅವಳು ಓದಬೇಕು. ಎರಡೂ ಚೀಟಿ ಓದಿಯಾದ ಮೇಲೇ ಮಾತು. ಬೆಂಕಿ ಬಿದ್ದಿದೆ ಅಂತ ಹೇಳಲು ಓಡಿ ಬಂದವಳೂ ಮೊದಲು ಕತ್ತು ಬಗ್ಗಿಸಿ ನಿಲ್ಲಬೇಕು. ಹಾಗೆ ನಿಂತೇ ಒಂದು ಸಲ ಒಂದು ಹುಲ್ಲಿನ ಬಣವೆ ಪೂರಾ ಉರಿದುಹೋಯಿತು. ಓದಬೇಕಾದವಳಿಗೆ ಕನ್ನಡಕ ಸಿಕ್ಕಿರಲಿಲ್ಲ.

ತನ್ನ ಚೀಟಿಯನ್ನು ತಾನೇ ರವಿಕೆ ಬಿಚ್ಚಿ ಓದಿಕೊಳ್ಳಬಹುದಲ್ಲ ಅಂತೀರಾ? ಓದಿಕೊಳ್ಳಬಹುದಿತ್ತು, ಯಾರ ಅಡ್ಡಿಯೂ ಇರಲಿಲ್ಲ. ಆದರೆ ಯಾರೂ ಓದಿಕೊಳ್ಳುತ್ತಿರಲಿಲ್ಲ. ಬೇರೆಯವರ ಬಾಯಿಂದ ಬಂದರೇನೇ ಅದು ನಿಜ ಅಂತ ನಂಬಿ ಬೆಳೆದವರು ನಾವು.

ಚೀಟಿಗಳು ಐದು. ಎಳೆ, ಬಳ್ಳಿ, ಹದ, ತುಂಬು, ಮೂಟೆ. ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ನೇಯ್ದ ಅಕ್ಷರ. ಊರಿಗೆಲ್ಲ ಇದ್ದದ್ದು ಒಂದೇ ಬಟ್ಟೆಯಂಗಡಿ, ದೊಡ್ಡಂಗಡಿ ಅಂತ. ಎಳೆಯವರಿಗೆ ಅದರ ಮುಂಬಾಗಿಲು, ಬಳ್ಳಿಯವರಿಗೂ ಮುಂಬಾಗಿಲೇ, ಆದರೆ ಎಳೆಯವರು ಹೋದ ಮೇಲೆ. ಹದದವರು ಪಕ್ಕದ ಬಾಗಿಲಲ್ಲಿ ಹೋಗಬೇಕು. ತುಂಬು ಮತ್ತು ಮೂಟೆಯವರಿಗೆ ಹಿತ್ತಲ ಬಾಗಿಲು, ಗಾಡಿಯಿಂದ ಬಟ್ಟೆ ಪಿಂಡಿ ಇಳಿಸುವ ಕಡೆ. ಮದುವೆ ಮನೆಯಲ್ಲಿ ಎಳೆಯವರು ಕಳಶ ಹಿಡಿದು ಮುಂದೆ ನಡೆದರೆ ಮೂಟೆಯವರು ಒಳಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಮೂಟೆಯವಳಿಗೆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ನಿಲ್ಲಿಸಿ ಬುದ್ಧಿ ಹೇಳಬಹುದಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೆಂತ್ಯದ ನೀರು ಕುಡಿ ಅನ್ನುವರು, ರಾತ್ರಿ ಅನ್ನ ಬಿಡು ಅನ್ನುವರು, ನಮ್ಮ ನಾದಿನಿ ಹೀಗೆ ಮಾಡಿ ಹೇಗಾದಳು ನೋಡು ಅನ್ನುವರು. ಆ ನಾದಿನಿ ಸತ್ತು ವರ್ಷವಾಗಿದ್ದರೂ ಅದನ್ನು ಹೇಳುತ್ತಿರಲಿಲ್ಲ.

ಗಂಡಸರಿಗೆ ಚೀಟಿ ಇರಲಿಲ್ಲ. ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಅದಕ್ಕೆ ವರ್ಚಸ್ಸು ಅನ್ನುತ್ತಿದ್ದರು.

ಆ ಚೀಟಿ ಹೊಲಿಯುವವಳು ನಾನು. ಏಳು ಹೊಲಿಗೆ, ಒಂದು ಗಂಟು, ದಾರವನ್ನು ಹಲ್ಲಿನಿಂದ ಕಡಿದರೆ ಆಯಿತು. ಊರಿನ ಒಂದೊಂದು ಕತ್ತೂ ನನಗೆ ಗೊತ್ತು. ಯಾರಿಗೆ ಎಲ್ಲಿ ಮಚ್ಚೆ, ಯಾರಿಗೆ ಬೆವರುಸಾಲೆ, ಯಾರ ಸರದ ಕೊಂಡಿಗೆ ದಾರ ಕಟ್ಟಿದೆ, ಎಲ್ಲಾ ಹೇಳಬಲ್ಲೆ. ನನ್ನ ತಾಯಿಯೂ ಹೊಲಿಯುವವಳೇ. ಅವಳ ಕಾಲದಲ್ಲಿ ಚೀಟಿ ಇರಲಿಲ್ಲವಂತೆ. ರವಿಕೆಯ ಎರಡೂ ಪಕ್ಕಕ್ಕೆ ಮೂರು ಬೆರಳು ಬಟ್ಟೆ ಒಳಗೆ ಮಡಿಚಿ ಬಿಡುತ್ತಿದ್ದಳು. ಮೈ ಅಂದಮೇಲೆ ಬಸಿರಾಗುತ್ತೆ, ಬಾಣಂತಿಯಾಗುತ್ತೆ, ಒಂದು ವರ್ಷ ಉಬ್ಬುತ್ತೆ, ಒಂದು ವರ್ಷ ಇಳಿಯುತ್ತೆ, ಹೊಲಿಗೆ ಬಿಚ್ಚಿಕೊಂಡರೆ ಆಯಿತು ಅನ್ನುತ್ತಿದ್ದಳು. ದೊಡ್ಡಂಗಡಿ ಬಂದ ಮೇಲೆ ಆ ಮೂರು ಬೆರಳು ಕತ್ತರಿಗೆ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಗಾದೆ ಇದೆಯಲ್ಲ, ನಮ್ಮೂರಲ್ಲಿ ನೆಲ ನಿಜವಾಗಿ ಡೊಂಕಾಗಿದ್ದರೂ ಕಾಲನ್ನೇ ಬೈಯಬೇಕಿತ್ತು. ರವಿಕೆ ಹಿಡಿಸದಿದ್ದರೆ ಮೈಯದೇ ತಪ್ಪು.

ವರ್ಷಕ್ಕೊಂದು ದಿನ ಅಳತೆ. ದೊಡ್ಡಂಗಡಿಯ ಅಂಗಳದಲ್ಲಿ ಐದು ಮರದ ಚೌಕಟ್ಟು ನಿಲ್ಲಿಸುತ್ತಿದ್ದರು. ಹದಿನಾರು ತುಂಬಿದ ಹೆಣ್ಣುಗಳೆಲ್ಲ ಸಾಲಾಗಿ ಬರಬೇಕು. ಮೊದಲು ಎಲ್ಲಕ್ಕಿಂತ ಕಿರಿದಾದ ಚೌಕಟ್ಟಿನೊಳಗೆ ನುಗ್ಗಬೇಕು. ಸಿಕ್ಕಿಕೊಂಡರೆ ಅಳತೆಗಾರ್ತಿ ತೋಳು ಹಿಡಿದು ಹಿಂದಕ್ಕೆ ಎಳೆದು ಮುಂದಿನದಕ್ಕೆ ಕಳಿಸುತ್ತಾಳೆ. ಯಾವುದರಲ್ಲಿ ಪಾರಾದಳೋ ಆ ಹೆಸರು ಕೂಗುತ್ತಾಳೆ. ನಾನು ಪೆಟ್ಟಿಗೆಯಲ್ಲಿ ಆ ಹೆಸರಿನ ಗೂಡಿನಿಂದ ಚೀಟಿ ತೆಗೆದು ಹೊಸ ರವಿಕೆಗೆ ಹೊಲಿಯುತ್ತೇನೆ. ಕೊನೆಯಲ್ಲಿ ಡಂಗುರದವನು ಆ ಚೀಟಿಯನ್ನು ಊರಿಗೆಲ್ಲ ಕೇಳುವ ಹಾಗೆ ಓದುತ್ತಾನೆ. ಗಂಡಸರು ಎದುರು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ನೋಡುತ್ತಾರೆ. ನನ್ನ ಗಂಡನೂ ಅಲ್ಲೇ ಇರುತ್ತಿದ್ದ, ತಪ್ಪಿಸಿದವನಲ್ಲ.

ಈ ಡಂಗುರದವನ ಬಾಯಿ ದೊಡ್ಡಂಗಡಿಯ ಆಸ್ತಿ. ಒಂದು ವರ್ಷ ಮೂಟೆಯವರು ರವಿಕೆ ಕೊಳ್ಳುವುದನ್ನೇ ಕಡಿಮೆ ಮಾಡಿದರು, ಹಿತ್ತಲ ಬಾಗಿಲಿಗೆ ಬರಲು ನಾಚಿಕೆಯಾಗಿ. ಆಗ ಅವನು ಬೀದಿ ಬೀದಿಯಲ್ಲಿ ತಮಟೆ ಬಡಿದ. ಇನ್ನು ಮೇಲೆ ಮೂಟೆ ಅನ್ನುವಂತಿಲ್ಲ, ಸಮೃದ್ಧಿ ಅನ್ನಬೇಕು, ನಿಜವಾದ ಹೆಣ್ಣು ಅಂದರೆ ಸಮೃದ್ಧಿಯೇ ಅಂತ ಸಾರಿದ. ಹಿತ್ತಲ ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಬಾಗಿಲು ಮಾತ್ರ ಹಿತ್ತಲದ್ದೇ. ಪಕ್ಕದಲ್ಲಿ ಸಮೃದ್ಧಿಯ ದೊಡ್ಡ ಚಿತ್ರ ನಿಲ್ಲಿಸಿದರು, ಸೊಂಟಕ್ಕೆ ಕೈಯಿಟ್ಟು ನಗುತ್ತಿರುವ ಹೆಂಗಸು. ಆ ಹೆಂಗಸು ಬಳ್ಳಿಯವಳು. ಅವಳ ಸೊಂಟಕ್ಕೆ ಹತ್ತಿ ತುಂಬಿ ಕಟ್ಟಿದ್ದು ನನ್ನ ಇದೇ ಕೈ. ಮೂಟೆಯವರು ಆ ಚಿತ್ರ ನೋಡಿ, ಅಯ್ಯೋ ಸಮೃದ್ಧಿಯಾಗಲೂ ನಾವು ಸಾಲೋದಿಲ್ಲವಲ್ಲ ಅಂತ ಇನ್ನಷ್ಟು ಕುಗ್ಗಿದರು. ಇತ್ತ ಎಳೆಯವರು, ಹಾಗಾದರೆ ನಾವು ಸುಳ್ಳು ಹೆಣ್ಣುಗಳೋ ಅಂತ ಅತ್ತರು. ದೊಡ್ಡಂಗಡಿಯಲ್ಲಿ ಮಾತ್ರ ಎರಡೂ ಕಡೆಯಿಂದ ವ್ಯಾಪಾರ ಆಯಿತು.

ಇಂಥದ್ದನ್ನೆಲ್ಲ ನೋಡಿ ನಾನು ಒಳಗೊಳಗೇ ನಗುತ್ತಿದ್ದೆ. ಬೇರೆಯವರ ಮಕ್ಕಳಾದರೆ ನಗು ಬರುತ್ತದೆ. ಆಮೇಲೆ ನನ್ನ ಮಗಳಿಗೆ ಹದಿನಾರು ತುಂಬಿತು.

ಅವಳು ಹುಟ್ಟುವಾಗಲೇ ದೊಡ್ಡ ಎಲುಬಿನವಳು. ಸೊಂಟದ ಎರಡೂ ಬದಿಗೆ ಒಂದೊಂದು ಕೊಡ ಇಟ್ಟುಕೊಂಡು ಬಾವಿಯಿಂದ ನೀರು ತರುತ್ತಿದ್ದಳು, ಒಂದು ಹನಿ ಚೆಲ್ಲುತ್ತಿರಲಿಲ್ಲ. ನಕ್ಕರೆ ಆಚೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ಅಳತೆಯ ದಿನ ಅವಳು ಎಳೆಯ ಚೌಕಟ್ಟಿನಲ್ಲಿ ಭುಜ ಸಿಕ್ಕಿಸಿಕೊಂಡಳು. ಬಳ್ಳಿಯದರಲ್ಲಿ ಸೊಂಟ ಸಿಕ್ಕಿತು. ಹದದ್ದರಲ್ಲಿ ಎರಡೂ ಸಿಕ್ಕಿ, ಅಳತೆಗಾರ್ತಿ ಚೌಕಟ್ಟಿಗೆ ಕಾಲು ಕೊಟ್ಟು ಎಳೆಯಬೇಕಾಯಿತು. ಜಗಲಿಯ ಮೇಲೆ ಯಾರೋ ನಕ್ಕರು. ಅಳತೆಗಾರ್ತಿ ತುಂಬು ಅಂತ ಕೂಗಿದಳು. ಏಳು ಹೊಲಿಗೆ, ಒಂದು ಗಂಟು. ನಾನೇ ಹೊಲಿದೆ, ನಾನೇ ದಾರ ಕಡಿದೆ.

ಅಂದಿನಿಂದ ಅವಳು ಊಟ ಬಿಡತೊಡಗಿದಳು. ಒಂದೇ ಸಲಕ್ಕೆ ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ಮೊದಲು ತುಪ್ಪ ಬಿಟ್ಟಳು, ಆಮೇಲೆ ಎರಡನೆಯ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಳು, ಆಮೇಲೆ ರೊಟ್ಟಿಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಹೋಗಿ ಎಮ್ಮೆಗೆ ಹಾಕತೊಡಗಿದಳು. ಆ ವರ್ಷ ನಮ್ಮ ಎಮ್ಮೆ ಚೆನ್ನಾಗಿ ಮೈ ತುಂಬಿಕೊಂಡಿತು, ನೋಡಿದವರೆಲ್ಲ ಹೊಗಳಿದರು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ನನ್ನ ಮಗಳು ಒಂದು ವರ್ಷ ಕಳೆದಳು. ಮರುವರ್ಷದ ಅಳತೆಯಲ್ಲೂ ತುಂಬು ಅಂತಲೇ ಬಂತು. ಉಪವಾಸ ಮಾಡಿದರೆ ಮಾಂಸ ಕರಗೀತು, ಎಲುಬು ಕರಗುತ್ತದೆಯೇ? ಅವಳು ಅಳಲಿಲ್ಲ. ಇನ್ನೊಂದು ಹೊತ್ತಿನ ಊಟ ಬಿಟ್ಟಳು. ನಗುವುದನ್ನೂ ಬಿಟ್ಟಳು, ನಕ್ಕರೆ ಹಸಿವಾಗುತ್ತದಂತೆ.

ಮೂರನೆಯ ವರ್ಷ ಅವಳ ಕಣ್ಣು ಒಳಗೆ ಹೋಗಿತ್ತು. ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತಿತ್ತು. ಅವತ್ತು ಸಾಲಿನಲ್ಲಿ ನಿಂತವಳನ್ನು ನೋಡಿದೆ. ಈ ಸಲವೂ ತುಂಬು ಬಂದರೆ ಇವಳು ಉಳಿಯುವುದಿಲ್ಲ ಅಂತ ನನಗೆ ಗೊತ್ತಾಯಿತು. ಅವಳು ಎಳೆಯ ಚೌಕಟ್ಟಿನಲ್ಲಿ ಸಿಕ್ಕಿದಳು, ಬಳ್ಳಿಯದರಲ್ಲಿ ಸಿಕ್ಕಿದಳು, ಹದದ್ದರಲ್ಲಿ ಭುಜ ಒಂದೇ ಒಂದು ಬೆರಳಿನಷ್ಟಕ್ಕೆ ಸಿಕ್ಕಿತು. ಅಳತೆಗಾರ್ತಿ ತುಂಬು ಅಂದಳು. ನನ್ನ ಕೈ ತುಂಬುವಿನ ಗೂಡಿಗೆ ಹೋಗಿ, ಅಲ್ಲಿಂದ ಎಳೆಯ ಗೂಡಿಗೆ ಹೋಯಿತು. ಏಳು ಹೊಲಿಗೆ, ಒಂದು ಗಂಟು. ರವಿಕೆ ತುಂಬುವಿನದು, ಚೀಟಿ ಎಳೆಯದು.

ಡಂಗುರದವನು ರವಿಕೆಯ ಅಂಚು ಮಡಿಚಿ ಎಳೆ ಅಂತ ಓದಿದ.

ಅಂಗಳವೆಲ್ಲ ನನ್ನ ಮಗಳ ಕಡೆ ತಿರುಗಿತು. ಅವಳು ಮೂರು ಚೌಕಟ್ಟಿನಲ್ಲಿ ಸಿಕ್ಕಿಕೊಂಡದ್ದನ್ನು ನೂರಾರು ಜನ ಈಗ ತಾನೇ ಕಣ್ಣಾರೆ ನೋಡಿದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಗ ಅಳತೆಗಾರ್ತಿ ಗಂಟಲು ಸರಿಮಾಡಿಕೊಂಡು, ನೆಗಡಿಯಲ್ಲಿ ತಪ್ಪು ಕೂಗಿಬಿಟ್ಟೆ, ಎಳೆಯೇ ಹೌದು ಅಂದಳು. ಜಗಲಿಯ ಮೇಲಿದ್ದವನೊಬ್ಬ ನನಗೆ ಆಗಲೇ ಅನ್ನಿಸಿತ್ತು ಅಂದ. ಹೆಂಗಸರು ಬಂದು ನನ್ನ ಮಗಳ ಸುತ್ತ ನಿಂತರು. ಗಾಳಿ ಬಂದರೆ ಹಾರಿಹೋಗ್ತೀಯಲ್ಲೇ ಅಂದರು, ಸೊಂಟ ಒಂದು ಮುಷ್ಟಿಯಲ್ಲಿ ಹಿಡಿಯಬಹುದು ಅಂದರು, ಏನು ಮಾಡ್ದೆ, ಯಾವ ಕಷಾಯ ಕುಡಿದೆ ಅಂತ ಕೇಳಿದರು. ಅವಳು ಮುಂಬಾಗಿಲಲ್ಲಿ ಹೋದಳು. ಹೊಸ್ತಿಲ ಮೇಲೆ ತಿರುಗಿ ನನ್ನ ಕಡೆ ನಕ್ಕಳು. ಒಂದು ವರ್ಷದ ಮೇಲೆ ಕಂಡ ನಗು ಅದು.

ಅವತ್ತು ನಾನು ಶಾವಿಗೆ ಪಾಯಸ ಮಾಡಿದೆ. ಇನ್ನು ತಿನ್ನುತ್ತಾಳೆ, ಬೇಕಾದ್ದು ಸಿಕ್ಕಿತಲ್ಲ ಅಂತ. ಅವಳು ಬಟ್ಟಲನ್ನು ಮುಟ್ಟಲೂ ಇಲ್ಲ. ಈಗ ತಿಂದರೆ ಎಳೆ ಹೋಗಿಬಿಡುತ್ತೆ, ಸಿಕ್ಕಿದ್ದನ್ನು ಉಳಿಸ್ಕೋಬೇಕಲ್ಲಮ್ಮ ಅಂದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರೆ. ದೈವದ ಮೇಲೆ ಯಾಕೆ ಹಾಕಲಿ, ಇದು ನಾನೇ ಹೊಲಿದದ್ದು. ನಿಜ ಹೇಳಲು ಬಾಯಿ ತೆರೆದೆ. ಆ ನಗು ಇನ್ನೂ ಅವಳ ಮುಖದ ಮೇಲಿತ್ತು. ಬಾಯಿ ಮುಚ್ಚಿಕೊಂಡೆ.

ನನ್ನ ಗುಟ್ಟು ಹಿಡಿದವಳು ಒಬ್ಬಳೇ, ಪಕ್ಕದ ಮನೆಯ ಗಿರಣಿಯವಳು. ದಿನಾ ಜೋಳದ ಚೀಲ ಎತ್ತಿ ಇಳಿಸುವವಳ ಕಣ್ಣಿಗೆ ತೂಕ ಗೊತ್ತಿರುತ್ತದೆ. ಅವಳು ಜಗಳ ಮಾಡಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, ಅಕ್ಕಾ, ನನ್ನ ಮಗಳಿಗೂ ಒಂದು ಹಾಗೇ ಹೊಲಿದುಕೊಡು ಅಂದಳು. ಕೊಟ್ಟೆ. ಅವಳು ತನ್ನ ತಂಗಿಗೆ ಹೇಳಿದಳು, ತಂಗಿ ಓರಗಿತ್ತಿಗೆ ಹೇಳಿದಳು. ಒಬ್ಬೊಬ್ಬರಾಗಿ ಹಳೆಯ ರವಿಕೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ನನ್ನ ಮನೆಗೆ ಬಂದರು. ಎಲ್ಲರೂ ಬೇರೆ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡರು. ಮಳೆಗಾಲ ಮುಗಿಯುವಷ್ಟರಲ್ಲಿ ಊರಿಗೆ ಊರೇ ಎಳೆಯಾಗಿತ್ತು.

ಆಗ ನಮ್ಮೂರನ್ನು ನೋಡಬೇಕಿತ್ತು. ಬಾವಿಕಟ್ಟೆಯ ಮೇಲೆ ಕತ್ತು ಬಗ್ಗಿಸಿದವಳೂ ಎಳೆ, ಓದಿದವಳೂ ಎಳೆ. ಮದುವೆ ಮನೆಯಲ್ಲಿ ಕಳಶ ಹಿಡಿಯಲು ಅರವತ್ತು ಜನ, ಸೌತೆಕಾಯಿ ಹೆಚ್ಚಲು ಯಾರೂ ಇಲ್ಲ. ಬೀಗರು ಕೋಸಂಬರಿ ಇಲ್ಲದೆ ಉಂಡು ಹೋದರು. ದೊಡ್ಡಂಗಡಿಯ ಮುಂಬಾಗಿಲಲ್ಲಿ ಮೂವರು ಎಳೆಯವರು ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡು, ಬಡಗಿಯನ್ನು ಕರೆಸಿ ಬಾಗಿಲ ಚೌಕಟ್ಟು ಬಿಚ್ಚಿಸಬೇಕಾಯಿತು. ಬಡಗಿಯೂ, ಬಾಗಿಲು ಚಿಕ್ಕದು ಅಂತ ಹೇಳಲಿಲ್ಲ. ಮರ ಉಬ್ಬಿಕೊಂಡಿದೆ ಅಂದ.

ಬಾಗಿಲು ಬಿಚ್ಚಿದ ಮೇಲೆ ದೊಡ್ಡಂಗಡಿಯ ಯಜಮಾನರಿಗೆ ಗೊತ್ತಾಗದೆ ಇರುತ್ತದೆಯೇ. ನನ್ನನ್ನು ಕರೆಸಿದರು. ಚೀಟಿ ಕದ್ದವಳಿಗೆ ಏನು ಶಿಕ್ಷೆಯೋ ಅಂದುಕೊಂಡು ಹೋದೆ. ಅವರು ನಗುತ್ತಿದ್ದರು. ಎಲ್ಲರೂ ಎಳೆಯಾದರೆ ಎಳೆಗೆ ಏನು ಬೆಲೆ ಉಳಿಯಿತಮ್ಮ, ಒಳ್ಳೆಯ ಕೆಲಸವನ್ನೇ ಮಾಡಿದೆ, ನಮಗೂ ಹೊಸದೊಂದು ಬೇಕಾಗಿತ್ತು ಅಂದರು. ಒಂದು ಸುರುಳಿ ಪಟ್ಟಿ ನನ್ನ ಕೈಗೆ ಕೊಟ್ಟರು. ಬಿಳಿಯ ಪಟ್ಟಿ. ಅದರ ಮೇಲೆ ಏನೂ ನೇಯ್ದಿರಲಿಲ್ಲ.

ಮರುದಿನ ಡಂಗುರದವನು ಸಾರಿದ. ಎಳೆಗಿಂತ ಮೇಲಿನ ಚೀಟಿ ಬಂದಿದೆ, ಅದರ ಹೆಸರು ಬರಿಚೀಟಿ, ಹೇಳಲು ಏನೂ ಉಳಿಯದಷ್ಟು ನಾಜೂಕಾದವರಿಗೆ ಮಾತ್ರ. ಅಂಗಳದಲ್ಲಿ ಆರನೆಯ ಚೌಕಟ್ಟು ನಿಂತಿತು. ಕಿಟಕಿಯ ಒಂದು ಕದ ತೆರೆದಷ್ಟೇ ಅಗಲ. ಮೊದಲ ದಿನ ಹೆಂಗಸರೆಲ್ಲ ನಕ್ಕರು, ಇದರಲ್ಲಿ ಬೆಕ್ಕು ಹೋದೀತು ಅಂದರು. ಎರಡನೆಯ ದಿನ ಯಾರೂ ನಗಲಿಲ್ಲ. ಮೂರನೆಯ ದಿನ ಊರಿನಲ್ಲಿ ಒಲೆಗಳು ಕಡಿಮೆ ಉರಿದವು.

ನನ್ನ ಮಗಳು ಆ ಚೌಕಟ್ಟಿನ ಅಗಲವನ್ನು ನೂಲಿನಲ್ಲಿ ಅಳೆದುಕೊಂಡು ಬಂದು, ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಗೀಟು ಹಾಕಿದಳು. ದಿನಾ ಬೆಳಿಗ್ಗೆ ಎರಡು ಗೀಟಿನ ನಡುವೆ ನಿಂತು ನೋಡಿಕೊಳ್ಳುತ್ತಿದ್ದಳು. ನೀರು ಕುಡಿದರೂ ಲೆಕ್ಕ ಹಾಕಿ ಕುಡಿಯುತ್ತಿದ್ದಳು. ನಾನು ಬೈದೆ, ಕೈಮುಗಿದೆ, ದೇವರ ಮೇಲೆ ಆಣೆ ಹಾಕಿದೆ. ಅವಳ ಅಪ್ಪ ಜಗಲಿಯಿಂದಲೇ, ಹೆಣ್ಣುಮಕ್ಕಳಿಗೆ ಇದೆಲ್ಲ ಇರೋದೇ, ಬಿಡು ಅಂದ. ಹೊಸ ಅಳತೆಯ ದಿನ ಅವಳು ಅಡ್ಡಡ್ಡ ತಿರುಗಿ, ಉಸಿರು ಪೂರಾ ಬಿಟ್ಟು, ಆ ಸಂದಿಯಲ್ಲಿ ನುಸುಳಿದಳು. ಊರಿನಲ್ಲಿ ಪಾರಾದವರು ನಾಲ್ವರು, ಅದರಲ್ಲಿ ಇವಳೊಬ್ಬಳು. ನಾನು ಬರಿಚೀಟಿ ಹೊಲಿದೆ. ಬಿಳಿ ರವಿಕೆ, ಬಿಳಿ ಪಟ್ಟಿ, ಬಿಳಿ ದಾರ. ಡಂಗುರದವನು ಅಂಚು ಮಡಿಚಿ ನೋಡಿ, ಬಾಯಿ ತೆರೆದು, ಏನೂ ಓದದೆ ಮುಚ್ಚಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಆದದ್ದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಚೀಟಿ ಓದದೆ ಮಾತಿಲ್ಲ ಅಂತ ನಿಯಮ. ಬಾವಿಕಟ್ಟೆಯಲ್ಲಿ ಇವಳು ಬೆನ್ನು ತಿರುಗಿಸಿ ಕತ್ತು ಬಗ್ಗಿಸುತ್ತಿದ್ದಳು. ಎದುರಾದವಳು ಜಡೆ ಸರಿಸಿ ನೋಡುತ್ತಿದ್ದಳು. ಓದಲು ಏನೂ ಇಲ್ಲ. ಓದದಿದ್ದರೆ ಮಾತಾಡುವ ಹಾಗಿಲ್ಲ. ಸ್ವಲ್ಪ ಹೊತ್ತು ತಡವರಿಸಿ, ಅಂಚನ್ನು ಮೆಲ್ಲಗೆ ಮುಚ್ಚಿ ಹೊರಟುಹೋಗುತ್ತಿದ್ದಳು. ಹೆಜ್ಜೆಯ ಸದ್ದು ದೂರವಾಗುವವರೆಗೂ ನನ್ನ ಮಗಳು ಬಗ್ಗಿಯೇ ನಿಂತಿರುತ್ತಿದ್ದಳು. ಗೆಳತಿಯರು ಹೀಗೇ ಹೋದರು, ಅತ್ತೆ ಚಿಕ್ಕಮ್ಮಂದಿರೂ ಹೀಗೇ ಹೋದರು. ಬರಿಚೀಟಿಯ ನಾಲ್ವರೂ ಒಬ್ಬರಿಗೊಬ್ಬರು ಮಾತಾಡುವ ಹಾಗಿರಲಿಲ್ಲ.

ನಾನು? ನಾನೂ ಮಾತಾಡಲಿಲ್ಲ. ಮನೆಯೊಳಗೂ ಬೆಳಗಿನ ಮೊದಲ ಮಾತಿಗೆ ಮುಂಚೆ ಚೀಟಿ ಓದಬೇಕಿತ್ತು. ನಾನು ಹೊಲಿದ ಚೀಟಿ, ಅದರಲ್ಲಿ ಏನೂ ಇಲ್ಲ ಅಂತ ನನಗೆ ಗೊತ್ತು. ಹನ್ನೊಂದು ದಿನ ಅವಳ ಕತ್ತು ನೋಡಿ, ಅಂಚು ಮುಚ್ಚಿ, ಬಾಯಿ ಕಟ್ಟಿಕೊಂಡು ಅಡಿಗೆಮನೆಗೆ ಹೋದೆ. ನನ್ನ ನಾಲಿಗೆ ಬಿದ್ದುಹೋಗ. ಹೆತ್ತ ಮಗಳು ಒಣಗುತ್ತಿದ್ದರೂ ನನಗೆ ದೊಡ್ಡಂಗಡಿಯ ನಿಯಮವೇ ದೊಡ್ಡದಾಗಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಬಾವಿಕಟ್ಟೆಯಲ್ಲಿ ಕತ್ತು ಬಗ್ಗಿಸಿ ನಿಂತವಳು ಹಾಗೇ ಮುಂದಕ್ಕೆ ಬಿದ್ದಳು. ಗಿರಣಿಯವಳು ಒಂದು ಕೈಯಲ್ಲಿ ಎತ್ತಿಕೊಂಡು ಬಂದಳು. ಎರಡು ಕೈ ಬೇಕಾಗಲಿಲ್ಲ. ಪಂಡಿತರು ಬಂದರು. ನಾಡಿ ಹಿಡಿಯುವ ಮುಂಚೆ ಅವಳನ್ನು ಬೋರಲು ಮಲಗಿಸಿ ಚೀಟಿ ನೋಡಿದರು. ಬಹಳ ಹೊತ್ತು ನೋಡಿ, ಇಲ್ಲಿ ರೋಗ ಅಂತ ಏನೂ ಬರೆದಿಲ್ಲವಲ್ಲಮ್ಮ, ಒಳ್ಳೆಯ ಚೀಟಿ, ಪುಣ್ಯ ಮಾಡಿದ್ದೀರಿ ಅಂದರು. ಕೈ ತೊಳೆದುಕೊಂಡು ಹೋದರು. ನನ್ನ ಗಂಡ ಅವರನ್ನು ಬಾಗಿಲವರೆಗೆ ಕಳಿಸಿ ಬಂದು, ಮುಖ ಮುಚ್ಚಿಕೊಂಡು ಜಗಲಿಯಲ್ಲಿ ಕೂತ.

ನಾನು ಒಳಗೆ ಹೋದೆ. ಅವಳಿಗೆ ಎಚ್ಚರವಾಗಿತ್ತು. ನನ್ನ ಹೆಜ್ಜೆ ಕೇಳಿ, ಮಲಗಿದ್ದ ಕಡೆಯಿಂದಲೇ ಮಗ್ಗುಲಾಗಿ ಕತ್ತು ತೋರಿಸಿದಳು. ನಾನು ಅಂಚು ಮುಟ್ಟಲಿಲ್ಲ. ಭುಜ ಹಿಡಿದು ಅವಳನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಚೀಟಿ ಓದದೆ ಮಾತಾಡಿದೆ.

"ಪುಟ್ಟೀ, ಆ ಎಳೆ ಚೀಟಿ ನಿಂದಲ್ಲ. ನಾನು ಕದ್ದು ಹೊಲಿದಿದ್ದು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹಾಗಾದರೆ ನನ್ನದು ಯಾವುದು ಅಂತ ಕೇಳಿದಳು. ತುಂಬು ಅಂದೆ. ಮುಂಬಾಗಿಲಲ್ಲಿ ಹೋದ ದಿನ ಅಂತ ಕೇಳಿದಳು. ಅವತ್ತೂ ತುಂಬು ಅಂದೆ. ಸೊಂಟ ಮುಷ್ಟಿಯಲ್ಲಿ ಹಿಡಿಯಬಹುದು ಅಂತ ಅಂದರಲ್ಲ, ಆಗ ಅಂತ ಕೇಳಿದಳು. ಆಗಲೂ ಅಂದೆ. ಅವಳ ಮುಖ ಕೆಂಪಾಯಿತು. ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿ ಅನ್ನಿಸಿತು. ಹೊಡೆಯುವಷ್ಟು ತ್ರಾಣ ಅವಳ ಕೈಯಲ್ಲಿರಲಿಲ್ಲ.

"ಹಾಗಾದ್ರೆ ಅವರ್ಯಾರೂ ನನ್ನ ನೋಡೇ ಇಲ್ಲ," ಅಂದಳು.

"ಇಲ್ಲ ಕಣೇ. ಚೀಟಿ ನೋಡಿದ್ರು."

"ನೀನು?"

ಅವಳ ಕತ್ತಿನ ಹಿಂದಿನ ಒಂದೊಂದು ಕೂದಲೂ ನನಗೆ ಗೊತ್ತು, ನಾಲ್ಕು ವರ್ಷ ಅಲ್ಲಿಗೇ ಹೊಲಿಗೆ ಹಾಕಿದವಳು. ಮುಖವನ್ನು ಈಗ ನೋಡುತ್ತಿದ್ದೆ. ತುಟಿ ಒಡೆದಿತ್ತು. ಗಲ್ಲದ ಮೇಲೆ ಒಂದು ಸಣ್ಣ ಗಾಯದ ಗುರುತಿತ್ತು, ಯಾವಾಗ ಆದದ್ದೋ ನನಗೆ ತಿಳಿಯದು. ಹತ್ತೊಂಬತ್ತು ವರ್ಷದ ಹುಡುಗಿಯ ಕಣ್ಣಿನ ಸುತ್ತ ಕಪ್ಪು ಹಬ್ಬಿತ್ತು. ಇವಳು ನನ್ನ ಮಗಳು, ಇವಳು ಸಾಯುತ್ತಿದ್ದಾಳೆ ಅಂತ ಆಗ ನನಗೆ ಮೈಯೆಲ್ಲ ಅರ್ಥವಾಯಿತು. ಕತ್ತರಿ ತಂದು ಅವಳ ರವಿಕೆಯಿಂದ ಆ ಬಿಳಿ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದೆ. ಅದು ಉರಿದು ಹೋಗಲು ಚಿಟಿಕೆ ಹೊಡೆಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಬಿಸಿ ಅನ್ನಕ್ಕೆ ಬೇಳೆ ಸಾರು ಹಾಕಿ, ತುಪ್ಪ ಬಿಟ್ಟು, ಮೆತ್ತಗೆ ಕಲಸಿ ತಟ್ಟೆಯನ್ನು ಅವಳ ಮುಂದೆ ಇಟ್ಟೆ. ಗೋಡೆಗೆ ಒರಗಿಸಿ ಕೂರಿಸಿದೆ. ಉಣ್ಣು ತಾಯಿ, ಎರಡೇ ತುತ್ತು ಅಂದೆ. ಅವಳು ತಟ್ಟೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀನು ಉಂಡ್ಯಾ?"

"ನಂದಾಯ್ತು. ನೀನು ಉಣ್ಣು."

"ಯಾವಾಗ ಆಯ್ತು?"

ನಾನು ತಟ್ಟೆಯನ್ನು ಅವಳ ಹತ್ತಿರ ಸರಿಸಿದೆ. ಅವಳು ತಡೆದು ತಡೆದು ಮಾತಾಡಿದಳು, ಒಂದೊಂದು ಮಾತಿಗೂ ಉಸಿರು ಹುಡುಕಿಕೊಂಡು.

"ನಾನು ಹುಟ್ಟಿದಾಗಿಂದ ನಿಂದು ಆಗೇ ಇರುತ್ತೆ. ಅಪ್ಪಂಗೆ ಬಡಿಸ್ತೀಯ, ನಂಗೆ ಬಡಿಸ್ತೀಯ, ನಂದಾಯ್ತು ಅಂತೀಯ. ಆಮೇಲೆ ಪಾತ್ರೆ ತಳ ಕೆರೆದು ನಿಂತ್ಕೊಂಡೇ ಎರಡು ತುತ್ತು ನುಂಗ್ತೀಯ. ರವಿಕೆ ಬಿಗಿಯಾದ ದಿನ ಅದೂ ಇಲ್ಲ. ಬೇಡ ಅನ್ನೋದನ್ನ ನಾನು ದೊಡ್ಡಂಗಡೀಲಿ ಕಲೀಲಿಲ್ಲಮ್ಮ. ಇಲ್ಲೇ ಕಲ್ತೆ, ನಿನ್ನ ನೋಡಿ."

ಸಿಟ್ಟು ಬಂತು. ಸುಳ್ಳು ಅನ್ನೋಣ ಅಂತ ಬಾಯಿ ತೆರೆದೆ. ಆದರೆ ಹದ ಅನ್ನುವ ಚೀಟಿಯನ್ನು ಇಷ್ಟು ವರ್ಷ ನನ್ನ ಕತ್ತಿನಲ್ಲಿ ಹೇಗೆ ಉಳಿಸಿಕೊಂಡೆ ಅಂತ ನನ್ನ ಹೊಟ್ಟೆಗೆ ಗೊತ್ತಿತ್ತು.

ಎದ್ದು ತಟ್ಟೆ ಹುಡುಕಿದೆ. ಗಂಡನ ತಟ್ಟೆ ಇತ್ತು, ಅವಳದು ಅವಳ ಮುಂದಿತ್ತು, ನನ್ನದು ಅಂತ ಒಂದು ಮನೆಯಲ್ಲಿ ಇರಲಿಲ್ಲ. ಗಂಡನದನ್ನೇ ತೊಳೆದು ತಂದೆ. ಅವಳ ಎದುರು ಚಕ್ಕಂಬಕ್ಕಲ ಹಾಕಿ ಕೂತು ಬಡಿಸಿಕೊಂಡೆ. ಮೂರನೆಯ ತುತ್ತಿಗೆ ಅಳು ಬಂತು. ಹಸಿವು ಅಂದರೆ ಏನು ಅಂತಲೇ ಮರೆತಿದ್ದೆ, ಅದು ಒಳಗಿಂದ ಎದ್ದು ಬಂತು. ತಟ್ಟೆ ಖಾಲಿಯಾಯಿತು. ಅವಳು ಇನ್ನೂ ತನ್ನ ತಟ್ಟೆ ಮುಟ್ಟಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು, ಇಲ್ಲಿಗೆ ನಿಲ್ಲಿಸುತ್ತಾಳೆ ಅಂತ ಕಾಯುತ್ತಿದ್ದ ಹಾಗೆ.

ನಾನು ಸೌಟು ತೆಗೆದುಕೊಂಡು ಎರಡನೆಯ ಸಲ ಬಡಿಸಿಕೊಂಡೆ. ಆಗ ಅವಳು ತನ್ನ ಅನ್ನಕ್ಕೆ ಕೈ ಹಾಕಿದಳು.